ತಮ್ಮನಿಗೊಂದು ಗ್ರಾಫಿಕ್ಸ್ ಕಾರ್ಡ್

ಗಾಜಿನೊಳಗಿನ ಕಾರ್ಡಿನ ಮೇಲೆ ಮೂರು ಫ್ಯಾನು, ಒಂದೂ ತಿರುಗುತ್ತಿಲ್ಲ, ಆದರೂ ಮುಖಕ್ಕೆ ತಣ್ಣಗೆ ಗಾಳಿ ಬಡಿದ ಹಾಗೆ, ಮೇಲಿನ ಏಸಿ ಇರಬೇಕು, ಯಾರಿಗಮ್ಮಾ ಕಾರ್ಡು ಅಂತ ಅಂಗಡಿಯವನು ಕೇಳಿದ, ತಮ್ಮನಿಗೆ ಅಂದುಬಿಟ್ಟೆ — ನನಗೆ ತಮ್ಮನೇ ಇಲ್ಲ, ಬಾಯಿಗೆ ಬಂದದ್ದು ಅದು, ಯಾವ ಪ್ರಶ್ನೆಗೂ ಇಷ್ಟು ಬೇಗ ಉತ್ತರ ಕೊಟ್ಟವಳಲ್ಲ ನಾನು, ಒಂಬತ್ತನೇ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಬೆಂಚಿನ ಮೇಲೆ ನಿಂತವಳು, ಮಾರನೇ ದಿನದಿಂದ ಶಾಲೆಗೇ ಹೋಗಲಿಲ್ಲ. ತಮ್ಮನಿಗಾದ್ರೆ ಇದು ತಗೊಳ್ಳಿ, ಎಂಟು ಜಿಬಿ, ಕುದುರೆ ಥರ ಓಡತ್ತೆ, ಹುಡುಗರಿಗೆ ಸ್ಪೀಡು ಬೇಕು, ಅಂದ. ಓಡತ್ತೆ, ಇವತ್ತು ಓಡತ್ತೆ, ಎರಡು ವರ್ಷಕ್ಕೆ ಹೊಸ ಆಟ ಬಂದರೆ ಮೆಮೊರಿ ಸಾಲದೆ ಏದುಸಿರು ಬಿಡತ್ತೆ, ಪಕ್ಕದ್ದು ಕೊಂಚ ನಿಧಾನ, ಆದರೆ ಹದಿನಾರು ಜಿಬಿ, ಮಕ್ಕಳ ಯೂನಿಫಾರ್ಮ್ ಹೊಲಿಯುವಾಗ ನಮ್ಮ ಹೊಲಿಗೆ ಅಂಗಡಿಯ ಮೇಸ್ತ್ರಿ ಹೇಳುವುದೂ ಅದೇ, ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡು, ಬೆಳೆಯೋ ಮೈ ಅದು — ನನಗೆ ಏಳು ವರ್ಷ ಬಾಳುವುದು ಬೇಕು, ಕಂಪ್ಯೂಟರಿನ ಕ್ಯಾಬಿನೆಟ್ಟಿನ ಒಳಗನ್ನು ಹೊಲಿಗೆ ಟೇಪಿನಲ್ಲೇ ಅಳೆದಿದ್ದೇನೆ, ಮೂವತ್ತೊಂದು ಸೆಂಟಿಮೀಟರು, ಕಾರ್ಡು ಇಪ್ಪತ್ತೆಂಟು, ಎಲ್ಲ ಗೊತ್ತು, ಬಾಯಿಗೆ ಮಾತ್ರ ಕಾಜ ಕತ್ತರಿಸಿ ಗುಂಡಿ ಹಾಕಿದ ಹಾಗೆ. ಹಳೆಯ ಕಾರ್ಡು ಸುಟ್ಟು ಇಪ್ಪತ್ತು ದಿನ, ಆಟದೊಳಗೆ ನನ್ನ ಜೊತೆಗಾರರು ಇಬ್ಬರು, ಮುಖ ನೋಡಿಲ್ಲ, ಬರೀ ಹೆಡ್‌ಫೋನಿನ ದನಿ, ಆಟದ ಹೆಸರು ಒಬ್ಬಳದ್ದು ಗೊರಕೆ, ಒಬ್ಬನದ್ದು ಡಾಕ್ಟ್ರು, ಲೇ ಮೂಗಿ, ಎಡಗಡೆ ನೋಡೇ ಅಂತ ಕೂಗುವವರು ಲೋಕದಲ್ಲಿ ಅವರಿಬ್ಬರೇ, ಮೇಸ್ತ್ರಿಗೆ ನಾನು ಮೂರನೇ ಮಿಷನ್ನು, ಮೂಗಿ ಅಂದರೂ ಅದು ನನ್ನನ್ನೇ ಕರೆದದ್ದು, ಇಪ್ಪತ್ತು ದಿನದಿಂದ ಅದೂ ಇಲ್ಲ.

ಅದು ಅಂದೆ, ಹದಿನಾರನ್ನು ತೋರಿಸಿದೆ. ಅಯ್ಯೋ ಬೇಡಮ್ಮಾ, ಆಮೇಲೆ ತಮ್ಮ ನಿಮ್ಮನ್ನೇ ಬೈತಾನೆ, ಪೆಟ್ಟಿಗೆ ಒಡೆದ್ರೆ ವಾಪಸ್ ಇಲ್ಲ, ಒಂದು ಫೋನ್ ಮಾಡಿ ಕೇಳಿಬಿಡಿ. ಫೋನ್ ತೆಗೆದೆ, ಯಾವ ನಂಬರನ್ನೂ ಒತ್ತದೆ ಕಿವಿಗೆ ಇಟ್ಟೆ, ಹಲೋ, ಯಾವುದು ಕಣೋ, ಎಂಟಾ ಹದಿನಾರಾ, ಹ್ಞೂಂ, ಹದಿನಾರೇ ಅಲ್ವಾ, ನಾನೂ ಅದೇ ಅಂದೆ — ಸಾಕಿತ್ತು, ಅಲ್ಲಿಗೆ ಇಡಬಹುದಿತ್ತು, ಆದರೆ ನಾಲಿಗೆ ಸಡಿಲಾಗಿಬಿಟ್ಟಿದೆ, ಊಟ ಮಾಡಿದ್ಯಾ, ಬಾಗಿಲು ಹಾಕ್ಕೊ, ನಾನು ಬರೋ ಹೊತ್ತಿಗೆ ಕ್ಯಾಬಿನೆಟ್ ಬಿಚ್ಚಿಟ್ಟಿರು, ಇಬ್ಬರೂ ಸೇರಿ ಹಾಕೋಣ, ನಿಂಗೆ ಸ್ಕ್ರೂ ಬೀಳಿಸೋ ಚಟ, ಅಂತ ನಕ್ಕೆ, ನಕ್ಕದ್ದು ನನಗೇ ಕೇಳಿಸಿತು, ಎಷ್ಟು ಚೆನ್ನಾಗಿ ಮಾತಾಡುತ್ತೇನೆ ಈ ತಮ್ಮನ ಹತ್ತಿರ. ಕೊಡಿಮ್ಮಾ, ನಾನೇ ಹೇಳ್ತೀನಿ ಅವನಿಗೆ, ಅಂಗಡಿಯವನು ಕೈ ಚಾಚಿದ. ಅಂಗೈ, ಹೆಬ್ಬೆರಳ ಬುಡದಲ್ಲಿ ನೀಲಿ ಶಾಯಿ, ಕಾರ್ಡು ನನಗೇ ಅಂದರೆ ಮುಗಿಯಿತು, ಎರಡೇ ಮಾತು, ಆದರೆ ಹಾಗಂದರೆ ಈಗಷ್ಟೇ ಊಟ ಮಾಡಿದವನು, ಬಾಗಿಲು ಹಾಕಿಕೊಂಡು ಕೂತವನು ಇಲ್ಲವಾಗುತ್ತಾನೆ — ಅಂಗೈ ಇನ್ನೂ ಹತ್ತಿರ ಬಂತು, ಕೊಡಿ ಕೊಡಿ, ನನ್ನ ಕಿವಿಗೆ ಬಿಸಿಯಾದ ಫೋನು, ಗಾಜಿನ ಮೇಲೆ ಬಿಚ್ಚಿದ ಅಂಗೈ, ನೀಲಿ ಶಾಯಿ, ಅಂಗೈ —