ಭಟ್ಟಿಯವರ ಬೈಗುಳ

ಮಳೆಗಾಲ ಕಳೆದು ನೆಲ ಬಿಗಿದಿತ್ತು. ಹಳ್ಳದ ದಂಡೆಯ ಜೇಡಿಮಣ್ಣು ಕಾಲಿಗೆ ಮೆತ್ತಿಕೊಳ್ಳುವುದು ನಿಂತ ಮೇಲೆ ಹೆಂಚಿನ ಭಟ್ಟಿಗೆ ವರ್ಷದ ಮೊದಲ ಬೆಂಕಿ ಹಾಕಿದ್ದರು. ಬೆಂಕಿ ಆರಿ, ಒಡಲು ತಣಿದು, ಆವತ್ತು ಬೆಳಿಗ್ಗೆ ಬಾಗಿಲಿಗೆ ಮೆತ್ತಿದ್ದ ಮಣ್ಣು ಕೆಡವಿದರು. ಒಳಗಿನಿಂದ ನುಗ್ಗಿದ ಶಾಖಕ್ಕೆ ಮುಂದೆ ನಿಂತವರು ಮುಖ ತಿರುಗಿಸಿಕೊಂಡರು. ಗಂಡಸರು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒಳಗಿಳಿದರು. ಹೆಂಚು ಕೈಯಿಂದ ಕೈಗೆ ದಾಟುತ್ತಾ ಹೊರಗೆ ಬರತೊಡಗಿತು.

ಆ ಸಾಲಿನ ಕೊನೆಯಲ್ಲಿ ಅವಳು ನಿಂತಿದ್ದಳು. ಅವಳ ಕೈಯಿಂದ ಹೆಂಚು ಹೋಗುವುದು ಗಂಡನ ಕೈಗೆ. ಅವನು ಮರದ ದಿಮ್ಮಿಯ ಮೇಲೆ ಕೂತು, ಹೆಂಚನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು, ಪುಟ್ಟ ಕೊಡತಿಯಿಂದ ಒಂದೇಟು ಕೊಡುತ್ತಾನೆ. ಠಣ್ ಅಂದರೆ ಎಡಕ್ಕೆ, ಮಂಕು ಸದ್ದು ಬಂದರೆ ಬಲಕ್ಕೆ. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಕೇಳುತ್ತಿತ್ತು. ಅದಕ್ಕೇ ಭಟ್ಟಿಯವರೆಲ್ಲ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಈಗ ಅವನು ಏಟು ಕೊಟ್ಟು ಹೆಂಡತಿಯ ಕಡೆ ನೋಡುತ್ತಿದ್ದ. ಅವಳು ತಲೆಯಾಡಿಸಿದರೆ ಎಡಕ್ಕೆ, ಅಡ್ಡ ಅಲ್ಲಾಡಿಸಿದರೆ ಬಲಕ್ಕೆ. ಇಷ್ಟು ವರ್ಷ ಪಕ್ಕದಲ್ಲಿ ನಿಂತವಳಿಗೆ ಆ ಸದ್ದು ಗೊತ್ತಿರದೆ ಇರುತ್ತದೆಯೇ? ಭಟ್ಟಿಯ ಮೇಸ್ತ್ರಿಗೂ ಇದು ಕಾಣುತ್ತಿತ್ತು. ಕಂಡೂ ಕಾಣದವನಂತೆ ಅವನು ಬೇರೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ.

"ಏನು ಕಿವಿಯಣ್ಣ, ಹೇಗಿದೆ ಭಟ್ಟಿ?" ಎಂದು ಮೇಸ್ತ್ರಿ ವಾಡಿಕೆಯಂತೆ ಕೂಗಿ ಕೇಳಿದ.

"ಚೆನ್ನಾಗಿದೆ," ಅಂದ ಕಿವಿಯಣ್ಣ.

ಸಾಲಿನಲ್ಲಿದ್ದ ಕೈಗಳು ನಿಂತುಬಿಟ್ಟವು.

ಭಟ್ಟಿಯ ಜನಕ್ಕೆ ಹೊಗಳಿಕೆ ಆಗದು. ಚೆನ್ನಾಗಿದೆ ಎಂದ ಹೆಂಚು ಬಿರಿಯುತ್ತದೆ, ಚೆನ್ನಾಗಿ ಉರಿಯುತ್ತಿದೆ ಎಂದ ಬೆಂಕಿ ಕುಂದುತ್ತದೆ ಎಂದು ಅಜ್ಜ ಮುತ್ತಜ್ಜಂದಿರ ಕಾಲದ ನಂಬಿಕೆ. ಭಟ್ಟಿ ಹೇಗಿದೆ ಎಂದು ಯಾರಾದರೂ ಕೇಳಿದರೆ "ಬೂದಿ" ಎನ್ನಬೇಕು. ಬೂದಿ ಅಂದರೆ ಬಂಗಾರದಂತೆ ಬೆಂದಿದೆ ಅಂತ. ನಿಜಕ್ಕೂ ಕೆಟ್ಟಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಹೆಂಚಿನಿಂದ ಶುರುವಾದದ್ದು ಮನೆಯೊಳಗೂ ಬಂದಿತ್ತು. ತೊಟ್ಟಿಲ ಕೂಸು "ಕೋತಿಮರಿ", ಮದುಮಗಳಿಗೆ "ಯಾವ ಕುರುಡ ಒಪ್ಪಿದನೇ ನಿನ್ನ?" ಬೈಗುಳ ಎಷ್ಟು ಉದ್ದವೋ ಅಕ್ಕರೆಯೂ ಅಷ್ಟೇ ಉದ್ದ. ಹೊರಗಿನವರು ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು. ಒಳಗಿನವರಿಗೆ ಮಾತಿನ ಅರ್ಥವೆಲ್ಲ ಧಾಟಿಯಲ್ಲೇ ಇರುತ್ತಿತ್ತು.

"ಬೂದಿ ಅನ್ನಯ್ಯಾ," ಎಂದು ಮೇಸ್ತ್ರಿ ನಗಲು ನೋಡಿದ.

"ಬೂದಿ ಅಲ್ಲ. ಹೆಂಚು."

ಹೆಂಡತಿ ಅಡ್ಡ ಬಾಯಿ ಹಾಕಿದಳು: "ಆಸ್ಪತ್ರೆಯವರು ಉಪ್ಪು ಖಾರ ಬಿಡಿಸಿದ್ದಾರೆ ಮೇಸ್ತ್ರಿ. ಊಟಕ್ಕೂ ಇಲ್ಲ, ಮಾತಿಗೂ ಇಲ್ಲ."

ಎಲ್ಲರೂ ನಕ್ಕರು. ಹೆಂಚು ಮತ್ತೆ ಹರಿಯತೊಡಗಿತು. ಕಿವಿಯಣ್ಣ ಮಾತ್ರ ನಗಲಿಲ್ಲ. ಮುಂದಿನ ಹೆಂಚಿಗೆ ಕೈ ಚಾಚಿದ.

ಮಳೆಗಾಲದ ನಡುವೆ ಒಂದು ಮಧ್ಯಾಹ್ನ ಅವನು ಕೂತಲ್ಲೇ ಎಡಕ್ಕೆ ವಾಲಿದ್ದ. ತಲೆಯೊಳಗೆ ರಕ್ತ ಕಟ್ಟಿಕೊಂಡಿದೆ ಅಂದರು ಆಸ್ಪತ್ರೆಯಲ್ಲಿ. ಕೈಕಾಲು ಬೇಗನೇ ಸರಿಹೋದವು. ಮಾತಂತೂ ಒಂದು ದಿನವೂ ನಿಂತಿರಲಿಲ್ಲ. ಹೊರಡುವ ದಿನ ಡಾಕ್ಟರಮ್ಮ ಹೆಂಡತಿಯನ್ನು ಪಕ್ಕಕ್ಕೆ ಕರೆದಿದ್ದಳು.

"ನೋಡಿಯಮ್ಮ, ಪದಗಳ ಜಾಗ ಹೆಚ್ಚಿನವರಿಗೆ ತಲೆಯ ಎಡಗಡೆ ಇರುತ್ತೆ. ಅದಕ್ಕೇನೂ ಆಗಿಲ್ಲ. ಪೆಟ್ಟು ಬಿದ್ದಿರೋದು ಬಲಗಡೆ. ಸದ್ದಿನ ಸೂಕ್ಷ್ಮ, ಮಾತಿನ ಏರಿಳಿತ, ರಾಗ, ಕೊಂಕು, ತಮಾಷೆ, ಇವೆಲ್ಲ ತಿಳಿಯೋದು ಹೆಚ್ಚಾಗಿ ಆ ಕಡೆಯಿಂದ. ಇನ್ನು ಮೇಲೆ ಇವರ ಹತ್ತಿರ ನೇರವಾಗಿ ಮಾತಾಡಿ."

"ಮಾತು ಉಳೀತಲ್ಲ ತಾಯಿ, ಅಷ್ಟೇ ಸಾಕು," ಎಂದು ಅವಳು ಕೈ ಮುಗಿದಿದ್ದಳು. ಉಳಿದದ್ದು ಒಂದೂ ತಲೆಗೆ ಹೋಗಿರಲಿಲ್ಲ.

ಅವನು ಮನೆಗೆ ಬಂದ ದಿನ ಭಟ್ಟಿಯ ಜನವೆಲ್ಲ ಅಂಗಳದಲ್ಲಿ ಸೇರಿದ್ದರು. ಅವನು ಬಾಡಿಗೆ ಗಾಡಿಯಿಂದ ಇಳಿದ. ಮುಂಚೆಯೇ ಬಂದು ಮನೆ ಗುಡಿಸಿಟ್ಟಿದ್ದ ಅವಳು ಹೊಸ್ತಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, ಇಡೀ ಕೇರಿಗೆ ಕೇಳುವಂತೆ ಕೂಗಿದಳು: "ಯಾಕೋ ಬಂದೆ ಪೀಡೆ? ಅಲ್ಲೇ ಸಾಯೋಕೇನಾಗಿತ್ತು? ಇಷ್ಟು ದಿನ ಹಾಯಾಗಿದ್ದೆ ನಾನು!" ಕೂಗುತ್ತಲೇ ಅವಳ ದನಿ ಒಡೆಯಿತು. ಹೆಂಗಸರು ನಗುತ್ತಾ ಕಣ್ಣೊರೆಸಿಕೊಂಡರು. ಇದಕ್ಕಿಂತ ದೊಡ್ಡ ಸ್ವಾಗತವನ್ನು ಆ ಕೇರಿ ಕಂಡಿರಲಿಲ್ಲ.

ಅವನು ತಲೆ ತಗ್ಗಿಸಿ ಒಳಗೆ ಹೋಗಿದ್ದ.

ಆಮೇಲೆ ಅವನು ಮೌನವಾಗಿಯೇ ಇದ್ದ. ಸುಸ್ತು ಅಂದುಕೊಂಡಳು. ಹೆಂಚು ಇಳಿಸುವ ಈ ದಿನ ಬೆಳಿಗ್ಗೆ ಭಟ್ಟಿಗೆ ಹೊರಡುವಾಗ ಬಾಗಿಲ ಹಿಂದೆ ಅವನ ಬಟ್ಟೆಚೀಲ ಕಂಡಿತು. ತುಂಬಿ, ಬಾಯಿ ಕಟ್ಟಿತ್ತು.

"ಇದೇನು, ಯಾವ ರಾಜ್ಯ ಆಳೋಕೆ ಹೊರಟೆ?"

"ಅಕ್ಕನ ಮನೆಗೆ. ಹೆಂಚು ಇಳಿಸಿಕೊಡ್ತೀನಿ ಅಂತ ಮೇಸ್ತ್ರಿಗೆ ಮಾತು ಕೊಟ್ಟಿದ್ದೀನಿ. ಅದು ಮುಗಿಸಿ ಹೋಗ್ತೀನಿ."

"ಎಷ್ಟು ದಿನಕ್ಕೆ?"

"ಅಲ್ಲೇ ಇರ್ತೀನಿ. ಆಸ್ಪತ್ರೇಲೇ ಸಾಯಬೇಕಿತ್ತು ಅಂದೆಯಲ್ಲ. ಸಾಯೋದು ನನ್ನ ಕೈಯಲ್ಲಿಲ್ಲ. ಹೋಗೋದು ನನ್ನ ಕೈಯಲ್ಲಿದೆ."

ಅವಳು ಮೊದಲು ನಕ್ಕಳು. ಅವನೂ ನಗುತ್ತಾನೆ ಎಂದು ಕಾದಳು. ಅವನು ಚೀಲದ ಕಟ್ಟನ್ನು ಇನ್ನಷ್ಟು ಬಿಗಿದ.

"ಅಯ್ಯೋ, ಅದು ಸಂತೋಷಕ್ಕೆ ಅಂದದ್ದಲ್ವಾ! ನೀನು ಬದುಕಿ ಬಂದೆಯಲ್ಲ ಅಂತ."

"ಸಾಯಿ ಅಂದೆ. ಈಗ ಬದುಕು ಅಂತೀಯ. ಎರಡೂ ನಿನ್ನ ಮಾತೇ. ಯಾವುದು ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ ಹಾಗಿತ್ತು. ಡಾಕ್ಟರಮ್ಮ ಹೇಳಿದ್ದು ಅವಳಿಗೆ ತಿಳಿದದ್ದು ಆವಾಗಲೇ.

"ಹಿಂದಿನ ಮಾತೆಲ್ಲ ನೆನಪಿದೆ," ಅಂದ ಅವನು ಚಪ್ಪಲಿ ಮೆಟ್ಟುತ್ತಾ. "ಮದುವೆ ಆದಾಗಿನಿಂದ ನೀನು ಅಂದದ್ದೆಲ್ಲ. ಒಂದೂ ಒಳ್ಳೇ ಮಾತಿಲ್ಲ. ಇಷ್ಟು ವರ್ಷ ಹೇಗಿದ್ದೆ ಅಂತಲೇ ಗೊತ್ತಾಗ್ತಿಲ್ಲ."

ಅವನಿಗೆ ಪದಗಳು ಉಳಿದಿದ್ದವು. ಅವುಗಳ ರಾಗ ನೆನಪಿನಿಂದಲೂ ತೊಳೆದು ಹೋಗಿತ್ತು.

ಹಾಗಾಗಿ ಈಗ ಭಟ್ಟಿಯ ಸಾಲಿನಲ್ಲಿ ಹೆಂಚು ಕೊಡುತ್ತಾ ಅವಳು ಮೆಲ್ಲಗೆ ಅಂದಳು: "ಒಂದೊಂದೇ ಕೇಳು. ನಾನು ಹೇಳ್ತೀನಿ. ಎಲ್ಲ ಕೇಳಿ ಆಮೇಲೆ ಬೇಕಾದ್ರೆ ಹೋಗು."

ಅವನು ಒಪ್ಪಿದ. ಆದರೆ ಮೆಲ್ಲಗೆ ಕೇಳಬೇಕು ಎಂಬುದು ಈಗ ಅವನಿಗೆ ಹೊಳೆಯುವ ಸಂಗತಿಯಲ್ಲ. ಎಲ್ಲರಿಗೂ ಕೇಳುವ ದನಿಯಲ್ಲೇ ಶುರು ಮಾಡಿದ.

"ನನ್ನ ಮುಖ ಕಂಡರೆ ಹಾಲು ಒಡೆಯುತ್ತೆ ಅಂದಿದ್ದೆ. ಮದುವೆ ಆದ ಹೊಸದರಲ್ಲಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಅತ್ತಿಗೆ ಸುಳ್ಳು ಹೇಳಿಲ್ಲ ಬಿಡಣ್ಣಾ!"

ಅವಳು ಕೈಯಲ್ಲಿದ್ದ ಹೆಂಚನ್ನು ಎದೆಗೆ ಒತ್ತಿ ಹಿಡಿದಳು. ಹುಟ್ಟಿದಾಗಿನಿಂದ ಯಾರನ್ನೂ ಎದುರಿಗೆ ಹೊಗಳಿದವಳಲ್ಲ. ಅದೂ ಬಾಯ್ತೆರೆದ ಭಟ್ಟಿಯ ಮುಂದೆ. "ಆವತ್ತು ನೀನು ಮುಖ ತೊಳೆದು ಬಂದಿದ್ದೆ," ಅಂದಳು. "ಚೆನ್ನಾಗಿ ಕಾಣ್ತಿದ್ದೆ. ದೃಷ್ಟಿ ತಾಗುತ್ತೆ ಅಂತ ಹಾಗಂದೆ."

ನಗು ನಿಂತಿತು.

"ಸರಿ," ಎಂದು ಹೆಂಚಿಗೆ ಏಟು ಕೊಟ್ಟು ಅವನು ಅವಳನ್ನು ನೋಡಿದ. ಅವಳು ತಲೆಯಾಡಿಸಿದಳು. ಎಡಕ್ಕಿಟ್ಟ. "ಮಗಳು ಹುಟ್ಟಿದಾಗ, ನಿನ್ನ ಹಾಗೇ ಕಾಗೆಮರಿ ಹುಟ್ಟಿದೆ, ಎತ್ಕೊಂಡು ಹೋಗಿ ಹಳ್ಳಕ್ಕೆ ಬಿಸಾಕು ಅಂದೆ ನೀನು."

"ನಿನ್ನ ಕಣ್ಣೇ ಬಂದಿತ್ತು ಅದಕ್ಕೆ. ನೋಡಿ ಹೊಟ್ಟೆ ತುಂಬಿತ್ತು ನನಗೆ. ಎತ್ಕೋ ಅಂತ ಹೇಳೋಕೆ ಹಾಗಂದೆ."

"ಎತ್ಕೊಂಡೆನಾ?"

"ಸಂಜೆಯ ತನಕ ಇಳಿಸಲಿಲ್ಲ."

ಹೀಗೇ ಸಾಗಿತು. ಮೊದಮೊದಲು ಕೀಟಲೆ ಮಾಡಿದವರು ತಮ್ಮ ಕೈಯ ಹೆಂಚಿನ ಕಡೆ ನೋಡತೊಡಗಿದರು. ಮೇಸ್ತ್ರಿ ಭಟ್ಟಿಯ ಹಿಂದಕ್ಕೆ ಹೋದವನು ಬರಲೇ ಇಲ್ಲ. ಸಾಲಿನಲ್ಲಿದ್ದ ಒಬ್ಬ ಮುದುಕಿ, "ಇಷ್ಟೊಂದು ಹೊಗಳಿದರೆ ಒಂದು ಹೆಂಚೂ ಉಳಿಯೋಲ್ಲ ಕಣೇ," ಎಂದು ಗೊಣಗಿದಳು. ಕಿವಿಯಣ್ಣನ ಹೆಂಡತಿ ತಿರುಗಿ, "ಬಿರಿದರೆ ಬಿರೀಲಿ ಬಿಡಜ್ಜಿ," ಅಂದಳು. ಮುದುಕಿ ಮುಂದಿನ ಹೆಂಚು ದಾಟಿಸಿದಳು.

ಪ್ರತಿ ಉತ್ತರಕ್ಕೂ ಅವನದು ಅದೇ "ಸರಿ". ನಂಬಿದನೋ, ಕೇಳಿಸಿಕೊಂಡನಷ್ಟೆಯೋ? ಅವಳಿಗೆ ಅದನ್ನು ಅಳೆಯುವ ದಾರಿಯಿರಲಿಲ್ಲ. ಮುಂಚೆಯಾಗಿದ್ದರೆ ಅವನ ಒಂದು "ಹೂಂ" ಸಾಕಿತ್ತು. ಹಸಿವಿನ ಹೂಂ, ಹುಸಿ ಹೂಂ, ಇವಳ ಮಾತು ಮುಗಿಯಲಿ ಎಂಬ ಹೂಂ, ಹತ್ತಿರ ಬಾ ಎಂಬ ಹೂಂ. ಎಲ್ಲವೂ ಈಗ ಒಂದೇ ಅಚ್ಚಿನವು.

ಹೊತ್ತು ಇಳಿದಾಗ ಭಟ್ಟಿಯೂ ಬರಿದಾಯಿತು. ಮನೆಗೆ ಬಂದು ಅವನು ಕೈಕಾಲು ತೊಳೆದುಕೊಂಡು ಚೀಲದ ಪಕ್ಕ ಕೂತ. ಅವಳು ನೀರಿನ ಲೋಟ ಮುಂದಿಟ್ಟಳು.

"ಇನ್ನೊಂದಿದೆ," ಅಂದ. "ನಿನ್ನ ಭಟ್ಟೀಲಿ ನನ್ನನ್ನೂ ಹಾಕಿ ಸುಡು, ಆಮೇಲೆ ಸುಖವಾಗಿರ್ತೀಯ ಅಂದಿದ್ದೆ ನೀನು. ಅದು ಯಾಕೆ ಅಂದದ್ದು?"

ಅವಳು ಅಲ್ಲೇ ಕೂತುಬಿಟ್ಟಳು.

ಆ ವರ್ಷ ಅವಳ ತಾಯಿ ಹಾಸಿಗೆ ಹಿಡಿದಿದ್ದಳು. ನೋಡಿ ಬರೋಣ ಎಂದು ಅವಳು ಕೇಳಿದ್ದಳು. ಭಟ್ಟಿಯ ಹೆಂಚು ಇಳಿಸಿ ಆಮೇಲೆ ಹೋಗೋಣ ಎಂದಿದ್ದ ಅವನು. ಆಗ ಅವಳು ಇದೇ ಮಾತನ್ನು ಎಲ್ಲರ ಎದುರು ಎಸೆದಿದ್ದಳು. ಎಂದಿನ ದನಿಯಲ್ಲೇ, ಯಾಕೆಂದರೆ ಬೇರೆ ದನಿ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವನು ಬಿದ್ದು ಬಿದ್ದು ನಕ್ಕು, "ಹಸಿಮಣ್ಣು ನೀನು, ಬರೀ ಹೊಗೆ ಬರುತ್ತೆ," ಅಂದಿದ್ದ. ಎಲ್ಲರೂ ನಕ್ಕಿದ್ದರು. ಭಟ್ಟಿ ತಣಿಯುವ ಮೊದಲೇ ತಾಯಿ ಹೋಗಿಬಿಟ್ಟಿದ್ದಳು.

ಅಕ್ಕರೆಗೆ ಅಂದೆ ಅಂದರೆ ಮುಗಿಯುತ್ತಿತ್ತು. ಸುಳ್ಳಿನ ದನಿ ಅವನಿಗೆ ತಿಳಿಯುವುದಿಲ್ಲ. ಚೀಲ ಅಲ್ಲೇ ಇತ್ತು, ಕಟ್ಟು ಬಿಚ್ಚಿರಲಿಲ್ಲ.

"ಅದನ್ನ ನಿಜಕ್ಕೂ ಅಂದೆ," ಅಂದಳು. "ಅದೊಂದನ್ನೇ. ಅಮ್ಮನ್ನ ನೋಡಬೇಕಿತ್ತು ನನಗೆ. ಹೊಟ್ಟೆ ಉರಿದು ಅಂದೆ."

ಅವನು ನೀರು ಕುಡಿದು ಲೋಟ ಕೆಳಗಿಟ್ಟ.

"ನಾನು ನಕ್ಕಿದ್ದೆ."

"ಹೂಂ."

"ಉಳಿದವಕ್ಕೂ ನಗ್ತಿದ್ದೆ. ಅವು ನಗೋ ಮಾತು. ಇದೂ ಹಾಗೇ ಕೇಳ್ತು."

"ಹೂಂ."

"ನೀನು ಆಮೇಲೂ ಹೇಳಲಿಲ್ಲ."

"ಹೇಗೆ ಹೇಳಬೇಕೋ ಗೊತ್ತಿರಲಿಲ್ಲ ಕಣೋ."

"ತಪ್ಪಾಯ್ತು," ಅಂದ ಅವನು.

ಎಷ್ಟೋ ವರ್ಷ ಅವಳು ಬಯಸಿದ ಮಾತು. ಅದು ಈಗ ನೆಲದ ಮೇಲೆ ಲೋಟ ಇಟ್ಟಂತೆ ಬಂತು. ದನಿ ತಗ್ಗಲಿಲ್ಲ, ಗಂಟಲು ಕಟ್ಟಲಿಲ್ಲ, ಮುಖವೂ ಬದಲಾಗಲಿಲ್ಲ. ಅವಳು ಅವನ ಕಣ್ಣಿನೊಳಗೆ ಹುಡುಕಿದಳು.

"ಇನ್ನೊಂದ್ಸಲ ಹೇಳು."

"ತಪ್ಪಾಯ್ತು." ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

"ಮನಸ್ಸಿನಿಂದ ಹೇಳ್ತಿದ್ದೀಯಾ?"

"ಹೌದು. ಬೇರೆ ಥರ ಹೇಳೋಕೆ ನನಗೆ ಬರಲ್ಲ." ಚೀಲದ ಕಡೆ ಕೈ ತೋರಿ ಕೇಳಿದ: "ನಾನು ಹೋಗಲಾ, ಇರಲಾ? ನೇರವಾಗಿ ಹೇಳು."

"ಹೋಗಬೇಡ. ನೀನಿಲ್ಲದೆ ನನಗಾಗಲ್ಲ."

"ಸರಿ." ಅವನು ಚೀಲದ ಕಟ್ಟು ಬಿಚ್ಚಿದ. ಅಂಗಿಗಳನ್ನು ಹೊರತೆಗೆದು ಮಡಿಕೆ ಕೆಡದಂತೆ ಗೂಡಿನಲ್ಲಿ ಇಡತೊಡಗಿದ. ಇಡುತ್ತಲೇ, ಬೆನ್ನು ತಿರುಗಿಸಿಕೊಂಡೇ ಕೇಳಿದ: "ಅಮ್ಮನ ವಿಷಯ ಮುಗೀತಾ? ಇನ್ನೂ ತಪ್ಪಾಯ್ತು ಅಂತ ಹೇಳಬೇಕಾ?"

ಅದು ಬೇಸರವೋ, ಕರುಣೆಯೋ, ಬರೀ ಪ್ರಶ್ನೆಯೋ ಅವಳಿಗೆ ತಿಳಿಯಲಿಲ್ಲ.

"ನಾಳೆ ಇನ್ನೊಂದ್ಸಲ ಹೇಳು," ಅಂದಳು.

"ಸರಿ," ಅಂದ ಅವನು.