ದಿನಕ್ಕೊಂದು ಮಿಲಿಮೀಟರ್

ಮಧುಮತಿಯ ಬಲಗಾಲಿಗೆ ಮೊಣಕಾಲಿನ ಕೆಳಗಿನಿಂದ ಪಾದದ ಕೀಲಿನವರೆಗೆ ನಾಲ್ಕು ಲೋಹದ ಬಳೆಗಳನ್ನು ತೊಡಿಸಿದ್ದರು. ಬಳೆಗಳನ್ನು ಉದ್ದನೆಯ ಸರಳುಗಳು ಒಂದಕ್ಕೊಂದು ಜೋಡಿಸಿದ್ದವು. ಪ್ರತಿ ಬಳೆಯಿಂದ ಹೊರಟ ತೆಳು ತಂತಿಗಳು ಚರ್ಮ ಹೊಕ್ಕು, ಮೂಳೆ ದಾಟಿ, ಆಚೆ ಬದಿಯಲ್ಲಿ ಹೊರಬರುತ್ತಿದ್ದವು. ಪ್ಯಾಂಟು ತೊಡುವಂತಿರಲಿಲ್ಲ. ಮಗ್ಗುಲಾಗಿ ಮಲಗುವಂತಿರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಜರ್ಮನಿಯ ವೋಲ್ಫ್ಸ್‌ಬುರ್ಗ್‌ನ ಕಾಲುವೆಯ ಸೇತುವೆಯ ಮೇಲೆ ಅವಳ ಸೈಕಲ್ಲು ಜಾರಿತ್ತು. ಮುರಿದ ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಪ್ಲೇಟು ಹಾಕಿದರೂ ಒಳಗೆ ಕೀವು ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ಕೊಳೆತ ನಾಲ್ಕೂವರೆ ಸೆಂಟಿಮೀಟರ್ ಮೂಳೆಯನ್ನು ತೆಗೆದುಹಾಕಬೇಕಾಯಿತು. ಆ ಖಾಲಿ ಜಾಗ ತುಂಬಲು ವೈದ್ಯೆ ಕ್ಲಾಸೆನ್ ಒಂದು ದಾರಿ ಹೇಳಿದರು. ಮೇಲಿನ ಆರೋಗ್ಯವಂತ ಮೂಳೆಯನ್ನು ಅಡ್ಡಲಾಗಿ ಕತ್ತರಿಸಿ, ಆ ತುಂಡನ್ನು ದಿನಕ್ಕೊಂದು ಮಿಲಿಮೀಟರಿನಂತೆ ಕೆಳಗೆ ಸರಿಸುತ್ತ ಹೋಗುವುದು. ತುಂಡು ಸರಿದಂತೆ ಅದರ ಹಿಂದೆ ತೆರೆದುಕೊಳ್ಳುವ ಸಂದಿನಲ್ಲಿ ಹೊಸ ಮೂಳೆ ತಾನಾಗಿಯೇ ಹುಟ್ಟುತ್ತದೆ. ಸರಿಸಲು ಸರಳುಗಳ ಮೇಲೆ ಮೂರು ನಟ್ಟುಗಳು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಕಾಲು ಸುತ್ತು.

ಆ ಕೆಲಸಕ್ಕೆ ಹುಬ್ಬಳ್ಳಿಯಿಂದ ಬಂದವರು ಅವಳ ತಂದೆ ಬಸಲಿಂಗಯ್ಯ. ಬಸ್ ಡಿಪೊದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ತಾಯಿ ಇನ್ನೂ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ಪರೀಕ್ಷೆಯ ಹೊತ್ತಿಗೆ ರಜೆ ಸಿಗಲಿಲ್ಲ. ವಿಸಾ ತೊಂಬತ್ತು ದಿನದ್ದು. ಆಸ್ಪತ್ರೆಯವರು ನಟ್ಟು ತಿರುಗಿಸಲು ಹತ್ತನೇ ನಂಬರಿನ ಪಾನಾ ಕೈಗಿತ್ತಾಗ ಬಸಲಿಂಗಯ್ಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಪಾನಾ ಚಲೋ ಐತಿ" ಎಂದಿದ್ದರು.

ಅವರು ಮಗಳ ಉಗುರಿನ ಬಣ್ಣ ತೆಗೆದುಕೊಂಡು ಪ್ರತಿ ನಟ್ಟಿನ ಒಂದು ಮುಖಕ್ಕೆ ಕೆಂಪು ಚುಕ್ಕೆ ಇಟ್ಟರು. ಬೆಳಿಗ್ಗೆ ಎಂಟಕ್ಕೆ ತಿರುಗಿಸಿದಾಗ ಚುಕ್ಕೆ ಎದುರಿಗೆ, ಹನ್ನೆರಡಕ್ಕೆ ಬಲಕ್ಕೆ, ನಾಲ್ಕಕ್ಕೆ ಹಿಂದಕ್ಕೆ, ರಾತ್ರಿ ಎಂಟಕ್ಕೆ ಎಡಕ್ಕೆ. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು ಬರೆದು ಸಹಿ ಹಾಕುತ್ತಿದ್ದರು.

"ಸಹಿ ಯಾಕ ಅಪ್ಪಾ? ಯಾರು ಚೆಕ್ ಮಾಡವ್ರು?"

"ಮಾಡಿದ ಕೆಲಸಕ್ಕ ಸಹಿ ಇರಬೇಕು. ಕಾಲು ಅಲ್ಲಾಡಸಬ್ಯಾಡ."

ಅಲ್ಲಾಡಿಸದೆ ಇರುವುದೇ ಅವಳಿಗೆ ಆಗದ ಕೆಲಸವಾಗಿತ್ತು. ಮೂವತ್ತನಾಲ್ಕು ವರ್ಷದ ಮಧುಮತಿ ಕಾರಿನ ಬಿಡಿಭಾಗಗಳನ್ನು ಪರೀಕ್ಷಿಸುವ ಒಂದು ಕಂಪನಿಯಲ್ಲಿ ಎಂಜಿನಿಯರ್. ನಾಲ್ಕು ಕಂಬಗಳ ಮೇಲೆ ಇಡೀ ಕಾರನ್ನು ನಿಲ್ಲಿಸಿ, ಹದಿನೈದು ವರ್ಷದ ರಸ್ತೆಯ ಕುಲುಕಾಟವನ್ನು ಆರು ವಾರದಲ್ಲಿ ಕೊಡುವ ಯಂತ್ರವನ್ನು ಎರಡು ವರ್ಷದಿಂದ ಕಟ್ಟುತ್ತಿದ್ದಳು. ಬಲ ಬಿದ್ದಷ್ಟೂ ಲೋಹ ದಣಿಯುತ್ತದೆ, ಎಲ್ಲೋ ಕಾಣದ ಗೆರೆಯೊಂದು ಹುಟ್ಟಿ ಬೆಳೆದು ಒಂದು ದಿನ ಮುರಿಯುತ್ತದೆ. ಆ ದಿನವನ್ನು ಮೊದಲೇ ಹೇಳುವುದು ಅವಳ ಕಸುಬು. ಈಗ ಅವಳು ಕಿಟಕಿಯ ಪಕ್ಕದ ಸೋಫಾದಲ್ಲಿ ಕಾಲು ಎತ್ತರಿಸಿ ಕೂತು, ಬೆರಳಿನಿಂದ ದಿಂಬಿನ ಅಂಚು ಕೀಳುತ್ತಿದ್ದಳು. ಟಿವಿ ಹಚ್ಚಿ ಆರಿಸುತ್ತಿದ್ದಳು. ಪುಸ್ತಕದ ಮೂರನೆಯ ಪುಟದಾಚೆ ಹೋಗುತ್ತಿರಲಿಲ್ಲ.

ತಿರುಗಿಸಲು ಶುರುಮಾಡಿದ ಐದನೆಯ ದಿನ ಸಹೋದ್ಯೋಗಿ ಚಂದನ್ ಫೋನ್ ಮಾಡಿದ. ಮೈಸೂರಿನವನು, ಕಾರ್ಲ್ಸ್‌ರುಹೆಯಲ್ಲಿ ಓದಿ ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದವನು.

"ಮಧು, ನಮ್ಮ ಮಷೀನಿನ ಫಸ್ಟ್ ರನ್ ಡೇಟ್ ಫಿಕ್ಸ್ ಆಯ್ತು. ಮೇ ಕೊನೇ ವಾರ. ನನಗೇ ನಡೆಸು ಅಂತಿದ್ದಾರೆ. ನೀನು ಬೇಜಾರು ಮಾಡ್ಕೋಬೇಡ."

"ಆಗಸ್ಟ್ ಅಂತ ಇತ್ತಲ್ಲ?"

"ಕಸ್ಟಮರ್ ಅರ್ಜೆಂಟ್ ಅಂತೆ."

ಫೋನ್ ಇಟ್ಟ ಮೇಲೆ ಅವಳು ಲೆಕ್ಕ ಹಾಕಿದಳು. ದಿನಕ್ಕೊಂದು ಮಿಲಿಮೀಟರ್ ಅಂದರೆ ಇನ್ನೂ ನಲವತ್ತು ದಿನ, ಆಮೇಲೆ ಗಟ್ಟಿಯಾಗಲು ತಿಂಗಳುಗಟ್ಟಲೆ. ದಿನಕ್ಕೆ ಒಂದೂವರೆಯಾದರೆ? ವೈದ್ಯರು ಹೇಳುವ ಅಂಕಿಗಳಲ್ಲಿ ಯಾವಾಗಲೂ ಸುರಕ್ಷತೆಗೆಂದು ಒಂದಿಷ್ಟು ಜಾಗ ಬಿಟ್ಟಿರುತ್ತಾರೆ, ಕೆಲಸದಲ್ಲಿ ತಾನೂ ಹಾಗೇ ಬಿಡುವುದುಂಟು ಎಂದುಕೊಂಡಳು.

ಬಸಲಿಂಗಯ್ಯ ಮಧ್ಯಾಹ್ನ ಎರಡೂವರೆಗೆ ಜಾಕೆಟ್ ಹಾಕಿ ಹೊರಗೆ ಹೋಗುತ್ತಿದ್ದರು. ಮಗಳ ಮನೆಯಿದ್ದ ಬಡಾವಣೆ ಡೆಟ್‌ಮೆರೋಡೆಯ ಬಸ್ ನಿಲ್ದಾಣದಲ್ಲಿ ನಿಂತು ಬರುವ ಹೋಗುವ ಬಸ್ಸುಗಳ ಸದ್ದು ಕೇಳಿ ಮರಳುವುದು ಅವರ ರೂಢಿ. ಅಂದು ಅವರು ಲಿಫ್ಟಿನಲ್ಲಿ ಇಳಿದ ಸದ್ದಾದ ಮೇಲೆ ಮಧುಮತಿ ಊರುಗೋಲು ಹಿಡಿದು ಬಚ್ಚಲಿಗೆ ಹೋಗಿ, ಕಮೋಡಿನ ಮುಚ್ಚಳದ ಮೇಲೆ ಕೂತು, ಮೂರೂ ನಟ್ಟುಗಳನ್ನು ಕಾಲು ಸುತ್ತು ತಿರುಗಿಸಿದಳು. ಏನೂ ಆಗಲಿಲ್ಲ. ಸ್ವಲ್ಪ ಬಿಗಿದಂತಾಯಿತು, ಅಷ್ಟೆ. ಮೂರು ದಿನ ಕಳೆದ ಮೇಲೆ ಎರಡು ಸಲ ತಿರುಗಿಸತೊಡಗಿದಳು. ಕೊನೆಕೊನೆಗೆ ಮೂರು.

ಎರಡನೆಯ ವಾರ ಕಾಲಿನ ಹೆಬ್ಬೆರಳಿನ ಪಕ್ಕ ಜೋಮು ಹಿಡಿಯಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಇತ್ತ ಬಸಲಿಂಗಯ್ಯನವರ ಮಾತು ಕಡಿಮೆಯಾಗಿತ್ತು. ನಾಲ್ಕು ಗಂಟೆಗೆ ಪಾನಾ ಹಿಡಿದು ಬಗ್ಗಿದವರು ಇರಬೇಕಾದ ಕಡೆ ಇಲ್ಲದ ಚುಕ್ಕೆಗಳನ್ನೇ ನೋಡುತ್ತ ಕೂರುತ್ತಿದ್ದರು. ನೋಟ್‌ಬುಕ್ ತೆರೆದು, ತಮ್ಮದೇ ಸಹಿಯ ಮೇಲೆ ಬೆರಳಾಡಿಸಿ, ಮತ್ತೆ ಚುಕ್ಕೆ ನೋಡುತ್ತಿದ್ದರು.

"ಮಧೂ, ಮಧ್ಯಾಹ್ನ ನಾ ಒಂದ ಸಲಾನ ತಿರುಗಿಸಿದೆ ಹೌದಲ್ಲ?"

"ಹೌದ್ರಿ ಅಪ್ಪಾ. ಒಂದ ಸಲಾನ."

ಅವಳಿಗೆ ಮುಖ ಬಿಸಿಯಾಗುತ್ತಿತ್ತು. ಆದರೆ ಆ ಬಿಸಿ ಐದು ನಿಮಿಷದಲ್ಲಿ ಆರುತ್ತಿತ್ತು. ಮರುದಿನ ಎರಡೂವರೆಗೆ ಲಿಫ್ಟಿನ ಸದ್ದಿಗೆ ಕಿವಿ ಮತ್ತೆ ನೆಟ್ಟಗಾಗುತ್ತಿತ್ತು.

ಹದಿನಾರನೆಯ ದಿನ ಆಸ್ಪತ್ರೆಯಲ್ಲಿ ವೈದ್ಯೆಯನ್ನು ಕಾಣುವುದಿತ್ತು. ಎಕ್ಸ್-ರೇ ಆದ ಮೇಲೆ ಡಾ. ಕ್ಲಾಸೆನ್ ಪರದೆಯ ಮುಂದೆ ಕೂತರು. ಅರುವತ್ತರ ಹತ್ತಿರದ ತೆಳ್ಳನೆಯ ಹೆಂಗಸು. ಮೌಸಿನಿಂದ ಸಂದಿನ ಎರಡು ಅಂಚು ಗುರುತಿಸಿ ಅಳೆದರು. ಇನ್ನೊಮ್ಮೆ ಅಳೆದರು.

"ಇಪ್ಪತ್ತೆರಡು ಮಿಲಿಮೀಟರ್," ಎಂದರು ಜರ್ಮನ್‌ನಲ್ಲಿ. "ಹದಿನಾರು ಇರಬೇಕಿತ್ತು. ಮತ್ತು ಇಲ್ಲಿ ನೋಡಿ, ಸಂದಿನಲ್ಲಿ ಏನೂ ಇಲ್ಲ. ಇಷ್ಟು ಹೊತ್ತಿಗೆ ತೆಳ್ಳಗೆ ಮೋಡದಂತೆ ಕಾಣಿಸಿಕೊಳ್ಳಬೇಕಿತ್ತು."

ಪರದೆಯಲ್ಲಿ ಎರಡು ಬಿಳಿ ತುದಿಗಳ ನಡುವೆ ಕಪ್ಪು ಜಾಗವಿತ್ತು.

"ಬೇಗ ಸರಿದರೆ ಮೂಳೆಯೂ ಬೇಗ ಬರಬೇಕಲ್ಲವೇ?" ಎಂದಳು ಮಧುಮತಿ.

"ಇಲ್ಲ. ಆ ಸಂದಿನಲ್ಲಿ ಈಗ ಇರುವುದು ಮೆತ್ತನೆಯ ಹಸಿ ಎಳೆಗಳು. ಜೀವಕೋಶಗಳು ಆ ಎಳೆಗಳನ್ನು ಹಿಡಿದುಕೊಂಡಿರುತ್ತವೆ. ನೀವು ನಟ್ಟು ತಿರುಗಿಸಿದಾಗ ಎಳೆ ಬಿಗಿಯುತ್ತದೆ, ಆ ಬಿಗಿತ ಕೋಶದ ಒಳಗಿನ ತನಕ ಹೋಗುತ್ತದೆ. ಅದನ್ನು ತಿಳಿದು ಅವು ಮೂಳೆ ಕಟ್ಟಲು ತೊಡಗುತ್ತವೆ. ಎಳೆತ ತೀರ ನಿಧಾನವಾದರೆ ಸಂದು ಹೊತ್ತಿಗೆ ಮುಂಚೆ ಗಟ್ಟಿಯಾಗಿ ತುಂಡು ಮುಂದೆ ಸರಿಯುವುದಿಲ್ಲ. ಹೆಚ್ಚಾದರೆ ಎಳೆ ಹರಿಯುತ್ತದೆ, ಹೊಸ ರಕ್ತನಾಳವೂ ಹರಿಯುತ್ತದೆ. ಆಗ ಕೋಶಗಳು ಮೂಳೆ ಬಿಟ್ಟು ಗಾಯದ ನಾರನ್ನು ಕಟ್ಟುತ್ತವೆ. ಅವುಗಳಿಗೆ ಕಟ್ಟಲು ಬೇಕಾದಷ್ಟು ಹೊತ್ತು ಬೇಕೇ ಬೇಕು."

ಬಸಲಿಂಗಯ್ಯನವರಿಗೆ ಜರ್ಮನ್ ಬಾರದು. ಆದರೆ ಅವರು ಪರದೆಯ ಮೇಲಿನ ಅಂಕಿಯನ್ನು ಓದಿದ್ದರು. ಕುರ್ಚಿಯಿಂದ ಎದ್ದು ನಿಂತರು.

"ಇಪ್ಪತ್ತೆರಡು ಅಂದ್ರ ಆರು ಹೆಚ್ಚ ಆಗೇತಿ. ಮಧೂ, ಅಕಿಗೆ ಹೇಳು. ತಪ್ಪು ನಂದು. ನನಗ ಯಾಕೋ ನೆನಪು ಉಳಿಯವಲ್ದು. ತಿರುಗಿಸಿದ್ದ ಮರ್ತು ಮತ್ತ ತಿರುಗಿಸೇನಿ. ಹನ್ನೊಂದು ದಿನದಿಂದ ಹಿಂಗ ನಡದೈತಿ, ಅಂಜಿ ನಿನಗ ಹೇಳಲಿಲ್ಲ. ಇದನ್ನಷ್ಟೂ ಅಕಿಗೆ ಹೇಳು."

ವೈದ್ಯೆ ಅವಳ ಕಡೆ ತಿರುಗಿದರು. "ಏನೆನ್ನುತ್ತಿದ್ದಾರೆ?"

ಮಧುಮತಿ ತಂದೆಯ ಕೈ ನೋಡಿದಳು. ಡಿಪೊದಲ್ಲಿ ಏಟು ಬಿದ್ದು ಉಂಗುರ ಬೆರಳಿನ ಉಗುರು ಕಪ್ಪಾಗಿ ಎಷ್ಟೋ ವರ್ಷವಾಗಿತ್ತು. ಆ ಕೈ ಈಗ ಜಾಕೆಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಿತ್ತು. ತಂದೆ ಹೇಳಿದ್ದನ್ನು ಹಾಗೆಯೇ ಜರ್ಮನ್‌ಗೆ ಹೇಳಿಬಿಟ್ಟರೆ ಮುಗಿಯಿತು. ವೈದ್ಯೆ ಮುದುಕರನ್ನು ಬೈಯುವುದಿಲ್ಲ, ತಲೆ ಅಲ್ಲಾಡಿಸಿ ಬಿಡುತ್ತಾರೆ. ಆ ವಾಕ್ಯ ಅವಳ ಬಾಯಿಗೆ ಬಂದೂ ಇತ್ತು.

"ತಪ್ಪು ತಮ್ಮದು ಎನ್ನುತ್ತಿದ್ದಾರೆ," ಎಂದಳು. "ಅದು ನಿಜವಲ್ಲ. ಅವರು ಹೊರಗೆ ಹೋದಾಗ ನಾನೇ ತಿರುಗಿಸಿದ್ದು. ಬೇಗ ಮುಗಿಯಲಿ ಎಂದು. ಬೆರಳಿನ ಪಕ್ಕ ಜೋಮೂ ಇದೆ."

ವೈದ್ಯೆ ಪೆನ್ನು ಕೆಳಗಿಟ್ಟರು. "ಇದನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳಿ."

ಅವಳು ಹೇಳಿದಳು. ಎರಡೇ ವಾಕ್ಯ. ಬಸಲಿಂಗಯ್ಯ ಕೂತರು. ಮೊದಲು ಅವರ ಮುಖ ಸಡಿಲವಾಯಿತು. ದೊಡ್ಡ ಉಸಿರೊಂದು ಹೊರಬಂತು. ಆಮೇಲೆ ದವಡೆ ಬಿಗಿಯಿತು. ಐದು ಮಿಲಿಮೀಟರ್ ಹಿಂದಕ್ಕೆ ತಿರುಗಿಸಬೇಕು, ಆಮೇಲೆ ಒಂದು ವಾರ ಮುಟ್ಟಬಾರದು, ಮುಂದೆ ದಿನಕ್ಕೆ ಮೂರೇ ಸಲ ಎಂದು ವೈದ್ಯೆ ಬರೆದುಕೊಟ್ಟರು. ಹೊಸ ಮೂಳೆ ಬರುತ್ತದೆಂದು ಈಗಲೇ ಮಾತು ಕೊಡಲಾರೆ ಎಂದೂ ಹೇಳಿದರು.

ಮನೆಗೆ ಬಂದ ಮೇಲೆ ಬಸಲಿಂಗಯ್ಯ ಪಾನಾ ತೆಗೆದು ಮಗಳ ಮುಂದಿನ ಮೇಜಿನ ಮೇಲೆ ಇಟ್ಟರು.

"ಇನ್ನ ನೀನ ತಿರುಗಸ್ಕೋ."

"ಅಪ್ಪಾ…"

"ನಮ್ಮಣ್ಣಗ ಮರವು ಶುರು ಆಗಿದ್ದ ಹಿಂಗ. ಮೊದಲ ಗಡಿಯಾರಕ್ಕ ಕೀಲಿ ಕೊಟ್ಟದ್ದು ಮರ್ತ. ಆಮ್ಯಾಲ ಮನಿ ಮರ್ತ. ಕಡೀಕ ನನ್ನ ಮರ್ತ. ಈ ಹನ್ನೊಂದು ದಿನ ನಾ ಬಸ್ ಸ್ಟ್ಯಾಂಡಿನ್ಯಾಗ ನಿಂತು ಏನು ಮಾಡತಿದ್ದೆ ಗೊತ್ತೈತೇನು? ಡಿಪೊದಾಗಿನ ಹುಡುಗರ ಹೆಸರು ಒಂದೊಂದ ನೆನಸತಿದ್ದೆ, ಯಾರಾದ್ರೂ ಬಿಟ್ಟು ಹೋಗ್ಯಾರೇನು ಅಂತ." ಅವರು ನೀರು ಕುಡಿದರು. "ನಾ ಕೇಳಿದಾಗ ಒಂದ ಸಲಾನ ಅಂದಿ. ಕಣ್ಣಾಗ ಕಣ್ಣಿಟ್ಟು ಅಂದಿ."

ಅವಳು ಪಾನಾ ಕೈಗೆತ್ತಿಕೊಂಡಳು.

ಹಿಂದಕ್ಕೆ ತಿರುಗಿಸುವ ಕೆಲಸವನ್ನು ಅವಳೇ ಮಾಡಿಕೊಂಡಳು. ಮುಂದಕ್ಕೆ ತಿರುಗಿಸುವಾಗ ಇಲ್ಲದ ನೋವು ಈಗ ಇತ್ತು. ತಂದೆ ಅಡುಗೆ ಮಾಡುತ್ತಿದ್ದರು, ತಂತಿ ಹೊಕ್ಕ ಕಡೆಗಳನ್ನು ದಿನವೂ ತೊಳೆದು ಪಟ್ಟಿ ಕಟ್ಟುತ್ತಿದ್ದರು, ಅನ್ನಕ್ಕೆ ಸಾರು ಬಡಿಸುತ್ತಿದ್ದರು. ಮಾತು ಮಾತ್ರ ಇರಲಿಲ್ಲ. ಮುಟ್ಟಬಾರದ ಆ ಒಂದು ವಾರ ಎಲ್ಲಕ್ಕಿಂತ ಕಠಿಣವಾಗಿತ್ತು. ಮಾಡಲು ಏನೂ ಇಲ್ಲದ, ಕಾಯುವುದಷ್ಟೇ ಇದ್ದ ಏಳು ದಿನ. ಹೆಬ್ಬೆರಳಿನ ಜೋಮು ಸಣ್ಣಗೆ ಬಿಡತೊಡಗಿತು. ಕಪ್ಪು ಸಂದಿನಲ್ಲಿ ಎಳೆ ಹಿಡಿದು ಕೂತ ಕೋಶಗಳು ಇನ್ನೂ ಬದುಕಿವೆಯೋ ಇಲ್ಲವೋ ಎಂದು ಯೋಚಿಸುತ್ತ ಅವಳು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿ ಮುಖ ತಿರುಗಿಸುತ್ತಿದ್ದಳು. ಎಳೆದು ದಣಿಸುವುದನ್ನಷ್ಟೇ ಕಲಿತಿದ್ದ ಅವಳಿಗೆ, ಎಳೆದಾಗ ಹೊಸದನ್ನು ಕಟ್ಟಿ ಉತ್ತರ ಕೊಡುವ ವಸ್ತು ಕೈಗೆ ಸಿಕ್ಕಿತ್ತು. ಅದನ್ನು ಅವಳು ತಗಡಿನಂತೆ ಎಳೆದಿದ್ದಳು.

ಎಂಟನೆಯ ದಿನ ಬೆಳಿಗ್ಗೆ ಬಸಲಿಂಗಯ್ಯ ಸ್ಟೂಲು ಎಳೆದುಕೊಂಡು ಅವಳ ಕಾಲಿನ ಮುಂದೆ ಕೂತರು.

"ಇವತ್ತಿಂದ ಮೂರು ಸಲ ಅಲ್ಲ?"

"ಹೌದ್ರಿ."

"ನೀ ತಿರುಗಸು. ನಾ ನೋಡತೀನಿ. ಇಬ್ಬರೂ ಸಹಿ ಮಾಡೂಣು."

ಏಪ್ರಿಲ್ ಕೊನೆಯ ಎಕ್ಸ್-ರೇಯಲ್ಲಿ ಸಂದಿನೊಳಗೆ ಬೂದು ಬಣ್ಣ ಕಂಡಿತು. ಮೂಳೆ ಎನ್ನುವಷ್ಟಿರಲಿಲ್ಲ. ವೈದ್ಯೆ ತಲೆಯಾಡಿಸಿ, ಇನ್ನು ಕಾಲಿನ ಮೇಲೆ ಭಾರ ಹಾಕಬೇಕು ಎಂದರು. ಎಳೆತದಂತೆ ಒತ್ತಡವೂ ಬೇಕು, ಭಾರ ಬೀಳದ ಮೂಳೆ ಸೊರಗುತ್ತದೆ. ಸ್ನಾನದ ಕೋಣೆಯ ತೂಕದ ಯಂತ್ರದ ಮೇಲೆ ಬಲಗಾಲಿಟ್ಟು ಮುಳ್ಳು ಇಪ್ಪತ್ತು ಕಿಲೋಗೆ ಬರುವ ತನಕ ಒತ್ತಬೇಕು, ದಿನಕ್ಕೆ ಹಲವು ಸಲ.

ಈಗ ಮಧುಮತಿಗೆ ಕೈಲಾಗಲಿಲ್ಲ. ಓಡಬೇಕೆಂದು ಚಡಪಡಿಸುತ್ತಿದ್ದವಳು ಮುಳ್ಳು ಆರಕ್ಕೆ ಬಂದಾಗ ಕಾಲು ಹಿಂದೆಗೆದಳು.

"ಮುರಿದ್ರ?"

"ಡಾಕ್ಟರ್ ಹಾಕು ಅಂದಾರಲ್ಲ."

"ಒಮ್ಮೆ ಹಾಳ ಮಾಡೀನಿ. ಇನ್ನೊಮ್ಮೆ ಆತಂದ್ರ…"

ಬಸಲಿಂಗಯ್ಯ ಅವಳ ಎದುರು ನಿಂತು ಎರಡೂ ಭುಜ ಹಿಡಿದರು. ಮುಳ್ಳಿನ ಕಡೆ ನೋಡಬೇಡ, ನನ್ನನ್ನು ನೋಡು ಎಂದರು. ಡಿಪೊದಲ್ಲಿ ಸ್ಪ್ರಿಂಗ್ ಪಟ್ಟಿ ಬದಲಿಸಿದ ಬಸ್ಸನ್ನು ಮೊದಲ ಸಲ ಜಾಕಿನಿಂದ ಇಳಿಸುವಾಗ ತಮಗೂ ಎದೆ ಹೊಡೆದುಕೊಳ್ಳುತ್ತಿತ್ತು ಎಂದರು. ಅವಳು ನಕ್ಕಳು, ಆ ನಗೆಯ ನಡುವೆ ಕಾಲಿನ ಮೇಲೆ ಸ್ವಲ್ಪ ಭಾರ ಬಿತ್ತು. ಹನ್ನೆರಡು. ಎರಡು ದಿನದ ಮೇಲೆ ಹದಿನೇಳು. ಇಪ್ಪತ್ತಕ್ಕೆ ಬರಲು ಒಂದು ವಾರ ಹಿಡಿಯಿತು.

ಮೇ ಕೊನೆಯಲ್ಲಿ ವಿಸಾ ಮುಗಿದು ಬಸಲಿಂಗಯ್ಯ ಹೊರಟರು. ಅದೇ ವಾರ ಚಂದನ್ ಪರೀಕ್ಷಾ ಯಂತ್ರವನ್ನು ನಡೆಸಿದ, ಅದು ಯಾವ ತೊಂದರೆಯೂ ಇಲ್ಲದೆ ನಡೆಯಿತು. ಅವನು ಕಳಿಸಿದ ವಿಡಿಯೊವನ್ನು ಅವಳು ಅರ್ಧಕ್ಕೆ ನಿಲ್ಲಿಸಿದಳು. ಅದರ ಉರಿ ಬೇಸಿಗೆಯ ತುಂಬ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಜೂನ್ ಮುಗಿಯುವಷ್ಟರಲ್ಲಿ ತುಂಡು ಕೆಳಗಿನ ಮೂಳೆಯನ್ನು ಮುಟ್ಟಿತು. ಕ್ರಿಸ್‌ಮಸ್‌ಗೆ ಎರಡು ವಾರ ಮುಂಚೆ ಬಳೆಗಳನ್ನು ಬಿಚ್ಚಿದರು. ಸಂದು ಇದ್ದ ಜಾಗ ಎಕ್ಸ್-ರೇಯಲ್ಲಿ ಉಳಿದ ಮೂಳೆಗಿಂತ ಸ್ವಲ್ಪ ಮಸುಕಾಗಿ, ಆದರೆ ತುಂಬಿಕೊಂಡು ಕಂಡಿತು. ಬಲಗಾಲು ಆರು ಮಿಲಿಮೀಟರ್ ಗಿಡ್ಡವಾಗಿತ್ತು, ಬೂಟಿನೊಳಗೆ ಒಂದು ಪದರ ಹಾಕಿದರೆ ಸಾಕೆಂದರು. ಅಂದು ಸಂಜೆ ವಿಡಿಯೊ ಕಾಲ್‌ನಲ್ಲಿ ಬಸಲಿಂಗಯ್ಯ ಕಾಲು ತೋರಿಸು ಎಂದರು. ತಂತಿಗಳ ಗುರುತುಗಳನ್ನು ಬಹಳ ಹೊತ್ತು ನೋಡಿದರು.

"ನೋವೈತೇನು?"

"ನಿಂತ್ರ ಐತಿ."

"ರಜಾ ಎಷ್ಟು ದಿನ ಬರದಾರ?"

"ಮೂರು ವಾರ."

"ಪೂರ್ತಿ ತೊಗೋತೀ?"

"ತೊಗೋತೀನ್ರಿ ಅಪ್ಪಾ."

ಅವರು ನಂಬಿದರೋ ಇಲ್ಲವೋ, ಅವ್ವನಿಗೆ ಫೋನ್ ಕೊಟ್ಟರು. ಹದಿನೇಳನೆಯ ದಿನ ಮಧುಮತಿ ವೈದ್ಯೆಗೆ ಫೋನ್ ಮಾಡಿ, ಅರ್ಧ ದಿನ ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದಳು. ಅವರು ಬೇಡ ಎಂದರು. ಅವಳು ಸರಿ ಎಂದು ಫೋನ್ ಇಟ್ಟು, ಕೋಟು ತೊಟ್ಟು, ಒಂದೇ ಊರುಗೋಲು ಹಿಡಿದು, ಮನೆ ಹತ್ತಿರದ ಕೆರೆಯ ದಡದ ತನಕ ನಡೆದು ಬಂದಳು.