ವಿಸರ್ಜನೆಯಾಗದ ಗೋಳ

ಲಕ್ಷ್ಮೀಪತಿಯವರ ಬಲಗಣ್ಣಿನ ಪೊರೆ ತೆಗೆಯುವ ಆಪರೇಷನ್ ಎರಡು ಸಲ ನಿಂತುಹೋಗಿತ್ತು. ಡಾಕ್ಟರು ತಯಾರು, ಲೆನ್ಸು ತಯಾರು, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದ ಕೂಡಲೇ ಇವರ ರಕ್ತದೊತ್ತಡ ನೂರ ತೊಂಬತ್ತಕ್ಕೆ ಹಾರುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಡಾಕ್ಟರು ಕೊಟ್ಟ ತಾರೀಕನ್ನು ಆ ಪಟ್ಟಿ ಕಿತ್ತುಕೊಂಡಿತ್ತು. ಈ ಸೋಮವಾರವೂ ತಪ್ಪಿದರೆ ಪೊರೆ ಗಟ್ಟಿಯಾಗಿ ಕಷ್ಟವಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಪಟ ತೋರಿಸಿದ ಮನುಷ್ಯನಿಗೆ ಎದುರುಮನೆಯ ಗೇಟು ಕಾಣುತ್ತಿರಲಿಲ್ಲ. ಅವರಿಗೆ ನಿಜವಾಗಿ ಭಯವಾಗಿತ್ತು.

ಅದಕ್ಕೇ ಕೆಂಗೇರಿ ಉಪನಗರದ ಪಾರ್ಕಿನಲ್ಲಿ ಸುಧೀಂದ್ರ ನಡೆಸುತ್ತಿದ್ದ ಚಿಗಾಂಗ್ ತರಗತಿಗೆ ಸೇರಿದರು. ಚಿಗಾಂಗ್ ಅಂದರೆ ಚೀನಾದವರ ಉಸಿರಿನ ವ್ಯಾಯಾಮ. ಸುಧೀಂದ್ರ ಅದರ ಜೊತೆಗೆ ಮೈಂಡ್‌ಫುಲ್‌ನೆಸ್ ಧ್ಯಾನವನ್ನೂ ಕೊಸರು ಹಾಕುತ್ತಿದ್ದ. ಶನಿವಾರ ಬೆಳಿಗ್ಗೆ ಎಲ್ಲರನ್ನೂ ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಿಸಿದ.

"ಎದೆ ಮುಂದೆ ಕೈ ದುಂಡಗೆ ಮಾಡಿ. ಮಧ್ಯ ಒಂದು ಗೋಳ ಇದೆ, ನಿಮ್ಮ ಪ್ರಾಣಶಕ್ತಿ ಅದು. ಉಸಿರು ಎಳ್ಕೊಂಡು ಅದನ್ನ ಕರೀರಿ. ಬಂತಾ? ಬೀಳಿಸ್ಬೇಡಿ."

ಬಂತು. ಲಕ್ಷ್ಮೀಪತಿಯವರ ಅಂಗೈಗಳ ನಡುವೆ ಏನೋ ಬೆಚ್ಚಗೆ ಬಂದು ಕೂತಿತು. ಅಷ್ಟರಲ್ಲಿ ಗೇಟಿನ ಹತ್ತಿರ ವ್ಯಾನೊಂದು ಹಾರ್ನ್ ಹೊಡೆಯಿತು. ಹತ್ತು ದಿನದ ಮೌನ ಶಿಬಿರಕ್ಕೆ ಹೊರಟಿದ್ದ ಸುಧೀಂದ್ರ ಚಾಪೆ ಸುತ್ತಿಕೊಂಡು ಓಡಿದ. ಆಮೇಲೆ ಅವನ ಫೋನು ಸ್ವಿಚ್ ಆಫ್.

ಹನ್ನೊಂದು ಜನ ಗೋಳ ಹಿಡಿದುಕೊಂಡು ನಿಂತೇ ಇದ್ದರು. ಬೇರೆಯವರಾಗಿದ್ದರೆ ಕೈ ಕೊಡವಿಕೊಂಡು ಇಡ್ಲಿಗೆ ಹೋಗುತ್ತಿದ್ದರೇನೋ. ಇವರು ಚಿಟಿಕೆ ಅರಿಶಿನದ ಗಣಪತಿಗೂ ವಿಸರ್ಜನೆ ಮಾಡದೆ ಪೂಜೆಯಿಂದ ಏಳದ ಜನ. ಕರೆದದ್ದನ್ನು ಕಳಿಸಿಕೊಡುವ ವಿಧಾನವನ್ನು ಗುರು ಹೇಳಿಕೊಟ್ಟಿರಲಿಲ್ಲ.

"ಹಾಗೇ ನೆಲದ ಮೇಲೆ ಇಡೋ ಹಾಗಿಲ್ಲ ಮೇಷ್ಟ್ರೇ," ಎಂದರು ಪಕ್ಕದಲ್ಲಿದ್ದ ಸಿದ್ದಬಸಪ್ಪ. ತಮ್ಮ ಗೋಳವನ್ನು ಎದೆಗೆ ಆನಿಸಿಕೊಂಡು ಅವರು ಮನೆ ಕಡೆ ನಡೆದರು. ಉಳಿದವರೂ ಒಬ್ಬೊಬ್ಬರಾಗಿ ಹಾಗೇ ಹೋದರು.

ಲಕ್ಷ್ಮೀಪತಿಯವರ ಹೆಂಡತಿ ಪುಟ್ಟಲಕ್ಷ್ಮಿ ಬಾಗಿಲು ತೆಗೆದು ನೋಡಿದರು. "ಏನಿದು, ಕುಂಬಳಕಾಯಿ ಹೊತ್ಕೊಂಡು ಬಂದೋರ ಹಾಗೆ?"

ವಿಷಯ ಕೇಳಿ ಅವರು ಹಣೆ ಚಚ್ಚಿಕೊಳ್ಳಲಿಲ್ಲ. ಹಣೆ ಚಚ್ಚಿಕೊಳ್ಳುವುದಕ್ಕೂ ಬಿಡುವು ಬೇಕು. "ದೇವರ ಮನೇಲಿ ಇಟ್ಬಿಡಿ," ಎಂದರು.

"ಇಳಿಸೋ ಹಾಗಿಲ್ಲ ಕಣೇ. ಹಿಡ್ಕೊಂಡಷ್ಟೂ ಬಿ.ಪಿ.ಗೆ ಒಳ್ಳೇದು."

ಎರಡು ದಿನ ಪುಟ್ಟಲಕ್ಷ್ಮಿಯೇ ತುತ್ತು ಮಾಡಿ ತಿನ್ನಿಸಿದರು, ಅಂಗಿಯ ಗುಂಡಿ ಹಾಕಿದರು. ಗೋಳಕ್ಕೆ ಜಾಗ ಬೇಕೆಂದು ಮಂಚದ ಅಂಚಿಗೆ ಸರಿದು ಮಲಗಿದರು. ತಲೆ ಸಿಡೀತಾ ಇದೆ ಎಂದು ಭಾನುವಾರ ಒಂದು ಸಲ ಅಂದರು. ಲಕ್ಷ್ಮೀಪತಿಯವರು ಆಗ ತಮ್ಮ ಉಸಿರನ್ನು ಗಮನಿಸುತ್ತಿದ್ದರು.

ಸೋಮವಾರ ಮೆಟ್ರೊ ಸ್ಟೇಷನ್ನಿನಲ್ಲಿ ಸೆಕ್ಯುರಿಟಿಯವನು ತಪಾಸಣೆಗೆ, "ಕೈ ಮೇಲೆತ್ತಿ ಸಾರ್," ಅಂದ.

"ಆಗಲ್ಲಪ್ಪ, ಇದಿದೆಯಲ್ಲ," ಎಂದರು ಲಕ್ಷ್ಮೀಪತಿಯವರು.

ಅವನು ಬಗ್ಗಿ ನೋಡಿದ. "ಗಾಜಿಂದಾ ಸಾರ್?"

"ಉಸಿರಿಂದು."

"ಹಾಗಾದ್ರೆ ಸ್ಕ್ಯಾನರ್‌ಗೆ ಬೇಡ. ಒಡೆದೋದ್ರೆ ನನ್ ತಲೆಗೆ ಬರುತ್ತೆ," ಎಂದು ಪಕ್ಕದ ಗೇಟು ತೆಗೆದ. ಬೋಗಿಯಲ್ಲಿ ಗೋಳದ ಮೇಲೆ ಯಾರೂ ಒರಗದ ಹಾಗೆ ಪುಟ್ಟಲಕ್ಷ್ಮಿ ಅಡ್ಡ ನಿಂತುಕೊಂಡೇ ವಿಜಯನಗರದವರೆಗೆ ಬಂದರು.

ಕಣ್ಣಾಸ್ಪತ್ರೆಯ ನರ್ಸ್ ವರಲಕ್ಷ್ಮಿ ಬಿ.ಪಿ. ಪಟ್ಟಿ ಬಿಚ್ಚಿದಳು. "ಕೈ ಟೇಬಲ್ ಮೇಲಿಡಿ ಸಾರ್."

"ಕೈ ಖಾಲಿ ಇಲ್ಲಮ್ಮ."

ಅವಳು ತಲೆ ಕೂಡ ಎತ್ತಲಿಲ್ಲ. "ಶನಿವಾರದಿಂದ ನೀವು ಮೂರನೇಯೋರು. ಪೇಷೆಂಟ್ ಕಡೆಯೋರು ಹಿಡ್ಕೊಳ್ಳಿ. ವಸ್ತುಗಳಿಗೆ ನಾವು ಜವಾಬ್ದಾರಿ ಅಲ್ಲ."

ಪುಟ್ಟಲಕ್ಷ್ಮಿ ಸೆರಗಿಗೆ ಅಂಗೈ ಒರೆಸಿಕೊಂಡು ಗೋಳವನ್ನು ಇಸಿದುಕೊಂಡರು. ಪಟ್ಟಿ ಉಬ್ಬಿತು, ಇಳಿಯಿತು. ನೂರ ಇಪ್ಪತ್ತನಾಲ್ಕು, ಎಂಬತ್ತು. ಲಕ್ಷ್ಮೀಪತಿಯವರಿಗೆ ಕುಣಿಯಬೇಕೆನ್ನಿಸಿತು. ಹಳೇ ಚೀಟಿ ತಿರುವಿದ ವರಲಕ್ಷ್ಮಿಗೆ ಮಾತ್ರ ಅನುಮಾನ.

"ಮಿಷನ್ ಕೆಟ್ಟಿರ್ಬೇಕು. ಆಂಟಿ, ಚೆಕ್ ಮಾಡೋಕೆ ನಿಮ್ದು ಒಂದ್ಸಲ ನೋಡ್ತೀನಿ. ಹಾಗೇ ನಿಂತಿರಿ, ಪರ್ವಾಗಿಲ್ಲ."

ಪಟ್ಟಿ ಮತ್ತೆ ಉಬ್ಬಿತು. ಅವಳು ಎರಡನೇ ಸಲ ಒತ್ತಿದಳು. ಮೂರನೇ ಸಲ ಬೇರೆ ಮಿಷನ್ ತಂದಳು.

"ಇನ್ನೂರ ಆರು. ಆಂಟಿ, ಎಷ್ಟು ದಿನದಿಂದ ಹೀಗಿದೆ?"

"ಗೊತ್ತಿಲ್ಲಮ್ಮ. ನಂದು ಯಾರೂ ನೋಡಿಲ್ಲ," ಎಂದರು ಪುಟ್ಟಲಕ್ಷ್ಮಿ, ಅಡುಗೆಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವ ಧ್ವನಿಯಲ್ಲಿ.

ವರಲಕ್ಷ್ಮಿ ಡ್ಯೂಟಿ ಡಾಕ್ಟರನ್ನು ಕರೆತಂದಳು. ಅವರು ನಾಲಿಗೆ ಕೆಳಗೊಂದು ಮಾತ್ರೆ ಇಟ್ಟು ಒಂದೆರಡು ಗಂಟೆ ಇಲ್ಲೇ ಇರಬೇಕೆಂದರು. ಅಷ್ಟರಲ್ಲಿ ಥಿಯೇಟರಿನಿಂದ ಲಕ್ಷ್ಮೀಪತಿಯವರ ಹೆಸರು ಕೂಗಿದರು. ಒಳಗೆ ಬಿಡುವ ಮೊದಲು ಇನ್ನೊಮ್ಮೆ ಬಿ.ಪಿ. ನೋಡುವುದು ಅಲ್ಲಿನ ನಿಯಮ. ನೂರ ತೊಂಬತ್ತೆಂಟು. ಈ ಸಲ ಅವರು ಪಟ್ಟಿಗೆ ಹೆದರಿರಲಿಲ್ಲ.

"ಹತ್ತು ನಿಮಿಷ ಟೈಮಿದೆ ಸಾರ್," ಎಂದಳು ವರಲಕ್ಷ್ಮಿ. "ಅದನ್ನ ವಾಪಸ್ ಇಸ್ಕೊಳ್ಳಿ. ಇಳಿಯುತ್ತೆ, ಹೋಗ್ಬಹುದು. ಇಲ್ಲಾಂದ್ರೆ ಇವತ್ತೂ ಕ್ಯಾನ್ಸಲ್."

ಪುಟ್ಟಲಕ್ಷ್ಮಿ ಕೂಡಲೇ ಕೈ ಮುಂದೆ ಚಾಚಿದರು. "ತಗೊಳ್ಳಿ. ಕಣ್ಣು ಮುಖ್ಯ."

ಲಕ್ಷ್ಮೀಪತಿಯವರಿಗೆ ಹೆಂಡತಿಯ ಮುಖ ಸರಿಯಾಗಿ ಕಾಣಲಿಲ್ಲ. ಆದರೆ ಮದುವೆಯಾದಾಗಿನಿಂದ ಕಿವಿಯ ಹತ್ತಿರ ಏರಿಕೊಂಡೇ ಇರುತ್ತಿದ್ದ ಆ ಹೆಗಲುಗಳು ಕೆಳಗಿಳಿದಿರುವುದು ಕಂಡಿತು. ಉಸಿರು ನಿಧಾನವಾಗಿ ಆಡುತ್ತಿತ್ತು. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಮುಂದಿನೋರನ್ನ ಕರೀಮ್ಮ," ಎಂದರು. "ಅದು ಅವಳ ಹತ್ರನೇ ಇರ್ಲಿ."